ಮೊದಲು ಪ್ರಾಣಿಯ ಕಣ್ಣು ಮುಚ್ಚಿ, ಆಮೇಲೆ ಫೋನ್ ಮಾಡಿ

ಜನವರಿ, ಕಾಫಿ ಕುಯ್ಲಿನ ಸಮಯ. ಮೂಡಿಗೆರೆ ಕಡೆಯ ಒಂದು ತೋಟದಿಂದ ಬೆಳಿಗ್ಗೆ ಫೋನ್ ಬಂತು. "ಡಾಕ್ಟ್ರಮ್ಮ, ನಾಯಿಗಳು ಒಂದು ಕಾಡುಕುರೀನ ಅಟ್ಟಿಸ್ಕೊಂಡು ಬಂದಿದ್ವು. ಬಿಡಿಸಿಟ್ಟಿದ್ದೀವಿ, ಬೇಗ ಬನ್ನಿ" ಅಂದರು ತೋಟದ ಲೆಕ್ಕ ಬರೆಯುವ ರೈಟರು. ನಾನು ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಕಾಡುಕುರಿ ಅಂದರೆ ಕುರಿಯಲ್ಲ, ಒಂದು ಸಣ್ಣ ಜಿಂಕೆ. ಅದನ್ನು ಕಣದ ನಡುವೆ ಟಾರ್ಪಾಲಿನ ಮೇಲೆ ಮಲಗಿಸಿದ್ದರು. ಸುತ್ತ ಮೂವತ್ತು ಜನ. ಮಕ್ಕಳು ಬೆನ್ನು ಸವರುತ್ತಿದ್ದರು. ಒಬ್ಬ ಅಜ್ಜಿ ಚೊಂಬಿನಿಂದ ಬಾಯಿಗೆ ನೀರು ಬಿಡುತ್ತಿದ್ದರು. ತೊಡೆಯ ಮೇಲೆ ಎರಡು ಹಲ್ಲಿನ ಗಾಯ ಇತ್ತು, ಅಷ್ಟೇ. ಹೊಲಿಗೆ ಹಾಕುವಷ್ಟು ದೊಡ್ಡದೂ ಅಲ್ಲ. ಸದ್ಯ ಬದುಕಿತು ಅಂತ ಎಲ್ಲರಿಗೂ ಸಮಾಧಾನ.

ಸಂಜೆ ನಾಲ್ಕಕ್ಕೆ ಅದು ಸತ್ತುಹೋಯಿತು.

ಆ ಜನರ ಮೇಲೆ ನನಗೆ ಕೋಪ ಬರಲಿಲ್ಲ. ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯುವವರು ಅವರು. ಒಂದು ಗಂಟೆ ನಿಂತರೆ ಅಷ್ಟು ದುಡ್ಡು ಹೋಯಿತು ಅಂತಲೇ ಲೆಕ್ಕ. ಆದರೂ ನಿಂತಿದ್ದರು. ಅವರ ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು, ಪಶುವೈದ್ಯರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಕಾಡುಕುರಿ ಗಾಯದಿಂದ ಸಾಯಲಿಲ್ಲ, ಹೆದರಿಕೆಯಿಂದ ಸತ್ತಿತು. ಇದು ಮಾತಿಗೆ ಹೇಳುವುದಲ್ಲ, ಮೈಯೊಳಗೆ ನಿಜವಾಗಿ ನಡೆಯುವ ಸಂಗತಿ. ಜಿಂಕೆ ಜಾತಿಯ ಪ್ರಾಣಿ ಪ್ರಾಣಭಯದಿಂದ ಓಡಿದಾಗ ಮಾಂಸಖಂಡಗಳಿಗೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಆಮ್ಲ ತುಂಬಿಕೊಳ್ಳುತ್ತದೆ, ಮೈ ಕಾಯುತ್ತದೆ. ಅಲ್ಲಿಗೇ ನಿಂತು ಸುಧಾರಿಸಿಕೊಳ್ಳಲು ಬಿಟ್ಟರೆ ಎಷ್ಟೋ ಸಲ ಉಳಿಯುತ್ತದೆ. ಆದರೆ ಓಟ ಮುಗಿದ ಮೇಲೂ ಸುತ್ತ ಜನ, ಗದ್ದಲ, ಕೈಗಳು ಇದ್ದರೆ ಅದರ ಮಟ್ಟಿಗೆ ಬೇಟೆ ಇನ್ನೂ ನಡೆಯುತ್ತಲೇ ಇರುತ್ತದೆ. ಮಾಂಸಖಂಡದ ಎಳೆಗಳು ಒಡೆಯುತ್ತವೆ. ಅದರ ಬಣ್ಣ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಸುತ್ತದೆ. ಕೊನೆಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡ ಮೇಲೆ ಗ್ಲೂಕೋಸ್ ಹಾಕಲಿ, ಸೋಡಾ ಇಂಜೆಕ್ಷನ್ ಕೊಡಲಿ, ಉಳಿಸುವುದು ಬಹಳ ಕಷ್ಟ. ಕೆಲವು ಅದೇ ದಿನ ಹೋಗುತ್ತವೆ. ಕೆಲವು ಚೆನ್ನಾಗಿ ಎದ್ದು ಓಡಾಡಿ, ಮೂರ್ನಾಲ್ಕು ದಿನ ಬಿಟ್ಟು ಸಾಯುತ್ತವೆ.

ಸಾಕಿದ ಕರು ಸವರಿದರೆ ಕಣ್ಣು ಮುಚ್ಚಿ ಹಿತಪಡುತ್ತದೆ. ಕಾಡುಪ್ರಾಣಿಯೂ ಸವರಿದಾಗ ಸುಮ್ನೆ ಮಲಗಿರುತ್ತದೆ. ಅದನ್ನು ನೋಡಿ "ನಮ್ಮನ್ನ ನಂಬಿದೆ" ಅಂದುಕೊಳ್ಳುತ್ತೇವೆ. ಹಾಗಲ್ಲ. ಅದು ಹುಲಿಯ ಬಾಯಿಗೆ ಸಿಕ್ಕಾಗಲೂ ಹಾಗೇ ಮಲಗಿರುತ್ತದೆ.

ಹಾಗಾದರೆ ಏನು ಮಾಡಬೇಕು? ನಾಯಿಗಳನ್ನು ಕಟ್ಟಿಹಾಕಿ. ಒಂದು ತೆಳು ಬಟ್ಟೆಯಿಂದ ಕಣ್ಣು ಮುಚ್ಚಿ, ಮೂಗಿಗೆ ಅಡ್ಡ ಬಾರದ ಹಾಗೆ. ಕಣ್ಣು ಮುಚ್ಚಿದ ಕೂಡಲೇ ಅರ್ಧ ಹೆದರಿಕೆ ಇಳಿಯುತ್ತದೆ. ಕಾಡುಕುರಿಯ ಗಂಡಿಗೆ ಬಾಯಲ್ಲಿ ಚೂಪಾದ ಕೋರೆ ಇರುತ್ತದೆ, ಹಿಡಿಯುವಾಗ ಜೋಪಾನ. ಅಡ್ಡ ಮಲಗಿಸಬೇಡಿ. ಹಸು ಮೆಲುಕು ಹಾಕುವಾಗ ಕೂರುತ್ತದಲ್ಲ, ಹಾಗೆ ಕಾಲು ಮಡಿಸಿ ಎದೆಯ ಮೇಲೆ ಕೂರಿಸಿ, ತಲೆ ಮೇಲಿರಲಿ. ಜಿಂಕೆಯೂ ಮೆಲುಕು ಹಾಕುವ ಪ್ರಾಣಿಯೇ, ಅಡ್ಡ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ. ದನ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈ ಬಿಸಿಯಾಗಿದ್ದರೆ ಹೊಟ್ಟೆಗೂ ಕಾಲಿಗೂ ತಣ್ಣೀರು ಹಾಕಿ. ಬಾಯಿಗೆ ಮಾತ್ರ ಬೇಡ. ಏದುಸಿರು ಬಿಡುವ ಪ್ರಾಣಿಯ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕತ್ತಲಿರುವ ಗೋಡೌನೋ ಖಾಲಿ ಕೊಟ್ಟಿಗೆಯೋ ಇದ್ದರೆ ಅಲ್ಲಿಟ್ಟು ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಬನ್ನಿ. ಒಬ್ಬರು ದೂರದಿಂದ ನೋಡಿಕೊಂಡರೆ ಸಾಕು.

ಆಮೇಲೆ ಫೋನ್. ಅರಣ್ಯ ಇಲಾಖೆಯ ಸಹಾಯವಾಣಿ 1926. ದನಕರುಗಳಿಗೆ 1962 ಇದೆ, ಎರಡನ್ನೂ ಗೋಡೆಯ ಮೇಲೆ ಬರೆದಿಡಿ. "ಫೋನ್ ಮಾಡಿದ್ರೆ ನಮ್ಮ ಮೇಲೇ ಕೇಸ್ ಹಾಕ್ತಾರೆ" ಅನ್ನುವ ಭಯ ನಮ್ಮ ಕಡೆ ಬಹಳ. 1972ರ ವನ್ಯಜೀವಿ ಕಾಯ್ದೆ ಹೇಳುವುದು ಇಷ್ಟು: ಕಾಡುಪ್ರಾಣಿ ಸರ್ಕಾರದ ಸ್ವತ್ತು, ನಿಮ್ಮ ಕೈಗೆ ಸಿಕ್ಕಿದರೆ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಬೇಕು. ಗಾಯಗೊಂಡದ್ದಕ್ಕೆ ನೆರಳು ಕೊಟ್ಟು ತಿಳಿಸಿದರೆ ಅದು ಸಹಾಯ. ತಿಳಿಸದೆ ಮನೆಯಲ್ಲಿ ಇಟ್ಟುಕೊಂಡರೆ ಅಪರಾಧ.

ಇಟ್ಟುಕೊಳ್ಳುವುದರಿಂದ ಆಗುವ ಹಾನಿ ನಾನು ಕಣ್ಣಾರೆ ಕಂಡದ್ದು. ತೋಟದ ಕೆಲಸದವರ ಲೈನ್ ಮನೆಯೊಂದರಲ್ಲಿ ಪುನುಗುಬೆಕ್ಕಿನ ಜಾತಿಯ ಕಬ್ಬೆಕ್ಕಿನ ಮರಿಯೊಂದನ್ನು ಎರಡು ತಿಂಗಳು ಹಾಲು, ಬಾಳೆಹಣ್ಣು, ಅನ್ನ ಹಾಕಿ ಸಾಕಿದ್ದರು. ನನ್ನ ಹತ್ತಿರ ತಂದಾಗ ಹಿಂಗಾಲು ಎಳೆಯುತ್ತಿತ್ತು. ಯಾರೂ ಹೊಡೆದಿರಲಿಲ್ಲ. ಊಟದಲ್ಲಿ ಸುಣ್ಣದ ಅಂಶ ಸಾಲದೆ ಮೂಳೆ ಮೆತ್ತಗಾಗಿ ತಾನೇ ಮುರಿದಿತ್ತು. ಕಾಡಿನಲ್ಲಿ ಅದು ಇಲಿ, ಹುಳ, ಏಡಿ ಎಲ್ಲವನ್ನೂ ಮೂಳೆ ಚಿಪ್ಪಿನ ಸಮೇತ ತಿನ್ನುತ್ತದೆ. ಆ ಮನೆಯ ಹುಡುಗಿ ಅದನ್ನು ಎದೆಗೆ ಅವಚಿಕೊಂಡೇ ಬಂದಿದ್ದಳು. ಅವಳಿಗೆ ಇದನ್ನೆಲ್ಲ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ಏಪ್ರಿಲ್, ಮೇ ಬಂತೆಂದರೆ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ಶುರು. ಕೊಂಬೆಯ ಜೊತೆ ಗೂಡೂ ಬೀಳುತ್ತದೆ. ಆ ಎರಡು ತಿಂಗಳು ನನಗೆ ಬರುವ ಫೋನುಗಳಲ್ಲಿ ಹಕ್ಕಿಮರಿಗಳದ್ದೇ ಜಾಸ್ತಿ. ಇದರಲ್ಲಿ ಅರ್ಧಕ್ಕರ್ಧ ಮರಿಗಳಿಗೆ ನಮ್ಮ ಸಹಾಯವೇ ಬೇಕಿರುವುದಿಲ್ಲ. ಮೈ ತುಂಬ ಪುಕ್ಕ ಬಂದು, ಬಾಲ ಮೋಟಾಗಿ, ನೆಲದಲ್ಲಿ ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿದೆ. ತಾಯಿ ಎಲ್ಲೋ ಕೊಂಬೆಯ ಮೇಲೇ ಇರುತ್ತದೆ. ಬೆಕ್ಕು ನಾಯಿ ಬಾರದ ಹಾಗೆ ಪಕ್ಕದ ಪೊದೆಯ ಮೇಲೆ ಕೂರಿಸಿ ಬಂದುಬಿಡಿ. ಪುಕ್ಕ ಬಾರದ ಮರಿಯಾದರೆ ಗೂಡಿಗೇ ಹಾಕಿ. ಗೂಡು ಚೂರಾಗಿದ್ದರೆ ಸಣ್ಣ ಬಿದಿರು ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಮರಕ್ಕೆ, ಆಗದಿದ್ದರೆ ಪಕ್ಕದ ಮರಕ್ಕೆ ಕಟ್ಟಿ. ಬುಟ್ಟಿಯ ತಳದಿಂದ ಮಳೆ ನೀರು ಇಳಿದುಹೋಗುವಂತಿರಲಿ. ಮನುಷ್ಯರ ಕೈ ವಾಸನೆ ತಾಗಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನುವುದು ಸುಳ್ಳು. ನೀವು ಕೆಳಗೇ ನಿಂತು ನೋಡುತ್ತಿದ್ದರೆ ಮಾತ್ರ ಅದು ಹತ್ತಿರ ಬರುವುದಿಲ್ಲ.

ಹಾಲು ಕುಡಿಸಬೇಡಿ ಅಂತ ನಾನು ಸಾವಿರ ಸಲ ಹೇಳಿರಬಹುದು. ಹಕ್ಕಿಗೆ ಹಾಲು ಅರಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮರಿ ಬಾಯಿ ತೆರೆದಾಗ ಸರಿಯಾಗಿ ನೋಡಿ. ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಕಾಣುತ್ತದೆ, ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಅದು ಉಸಿರಿನ ದಾರಿ. ನೀವು ಹತ್ತಿಯಿಂದ ಹಿಂಡುವ ಹನಿ ನೇರ ಅಲ್ಲಿಗೆ ಇಳಿಯುತ್ತದೆ. ತಣ್ಣಗಾದ ಮರಿಗೆ ಆಹಾರಕ್ಕಿಂತ ಮೊದಲು ಬೇಕಾದ್ದು ಬೆಚ್ಚಗೆ. ಬಾಟಲಿಗೆ ಉಗುರು ಬೆಚ್ಚಗಿನ ನೀರು ತುಂಬಿ, ಬಟ್ಟೆ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಮರಿಯ ಪಕ್ಕ ಇಡಿ. ಡಬ್ಬ ಮುಚ್ಚಿ. ಪದೇ ಪದೇ ತೆರೆದು ನೋಡಬೇಡಿ.

ಬೇರೆ ಮರಿಗಳಿಗೂ ಇದೇ ಮಾತು. ಜಿಂಕೆ, ಕಾಡುಕುರಿ ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತವೆ. ಚನ್ನರಾಯಪಟ್ಟಣದ ಕಡೆ ಕಬ್ಬು ಕಡಿಯುವಾಗ ಚಿರತೆ ಮರಿ, ಕಾಡುಬೆಕ್ಕಿನ ಮರಿ ಸಿಗುವುದುಂಟು. ತಾಯಿ ಬಿಟ್ಟುಹೋಗಿಲ್ಲ, ಗದ್ದಲಕ್ಕೆ ದೂರ ಸರಿದಿದೆ. ಕಟಾವು ನಿಲ್ಲಿಸಿ ಅರಣ್ಯದವರಿಗೆ ಹೇಳಿ. ಅದೇ ಜಾಗದಲ್ಲಿ ಬಿಟ್ಟರೆ ರಾತ್ರಿ ತಾಯಿ ಬಂದು ಎತ್ತಿಕೊಂಡು ಹೋಗುತ್ತದೆ. ಫೋಟೋ ಗ್ರೂಪಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಊರೇ ಅಲ್ಲಿರುತ್ತದೆ, ತಾಯಿ ಹತ್ತಿರ ಬರುವುದೇ ಇಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಒಂಟಿ ಆನೆಮರಿ ಕಂಡರಂತೂ ಹತ್ತಿರ ಹೋಗಲೇಬೇಡಿ. ಹಿಂಡು ಹತ್ತಿರದಲ್ಲೇ ಇರುತ್ತದೆ.

ಹಾವಿನ ವಿಷಯಕ್ಕೆ ಬರುತ್ತೇನೆ. ಕೋಳಿಗೂಡಿಗೆ, ತರಕಾರಿ ಮಡಿಗೆ ಈಗ ಎಲ್ಲರೂ ನೈಲಾನ್ ಬಲೆ ಕಟ್ಟುತ್ತಾರೆ. ಕೇರೆ ಹಾವು ಇಲಿಯ ಹಿಂದೆ ಬಂದು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹಾವಿನ ಹುರುಪೆಗಳು ಬಾಲದ ಕಡೆಗೆ ಬಾಗಿರುವುದರಿಂದ ಮುಂದಕ್ಕೆ ಜಾರಬಹುದು, ಹಿಂದಕ್ಕೆ ಬರಲಾಗದು. ಎಳೆದಷ್ಟೂ ಎಳೆ ಹುರುಪೆಯ ಅಡಿಗೆ ಹೂತುಕೊಳ್ಳುತ್ತದೆ. ನಾನು ಮೊಂಡು ತುದಿಯ ಕತ್ತರಿಯನ್ನು ತಲೆಯ ಕಡೆಯಿಂದ ಎಳೆಯ ಕೆಳಗೆ ತೂರಿಸಿ ಒಂದೊಂದೇ ಕಣ್ಣಿ ಕತ್ತರಿಸುತ್ತೇನೆ. ಒಂದು ಕೇರೆಗೆ ನಲವತ್ತು ನಿಮಿಷ ಹಿಡಿದದ್ದಿದೆ. ನೀವು ಎಳೆಯಬೇಡಿ, ಬಿಡಿಸಲೂ ಹೋಗಬೇಡಿ. ಮೇಲೆ ನೆರಳು ಮಾಡಿ ಹಾವು ಹಿಡಿಯುವವರನ್ನು ಕರೆಯಿರಿ. ಅವರು ಬಲೆಯನ್ನು ಒಂದು ಅಡಿ ಸುತ್ತ ಕತ್ತರಿಸಿ ಬಲೆ ಸಮೇತ ತರಲಿ. ಗಾಯ ಇಲ್ಲದ ಹಾವನ್ನು ಅಲ್ಲೇ ಹತ್ತಿರದಲ್ಲಿ ಬಿಡಬೇಕು. ಚಾರ್ಮಾಡಿ ಘಾಟಿಯ ಕಾಡಿಗೆ ಒಯ್ದು ಬಿಟ್ಟೆವು ಅಂತ ಹೆಮ್ಮೆಪಡುವವರಿದ್ದಾರೆ. ಗುರುತಿಲ್ಲದ ಜಾಗದಲ್ಲಿ ಅದಕ್ಕೆ ಬಿಲವೂ ಗೊತ್ತಿಲ್ಲ, ನೀರೂ ಗೊತ್ತಿಲ್ಲ.

ನನ್ನ ನಿದ್ದೆ ಕೆಡಿಸುವುದು ಉರುಳು. ಬೈಕಿನ ಕ್ಲಚ್ ವೈರು ತಂದು ಹಂದಿಗೆ ಅಂತ ಬೇಲಿಯ ಸಂದಿಯಲ್ಲಿ ಕಟ್ಟುತ್ತಾರೆ. ಅದಕ್ಕೆ ಹಂದಿ ಯಾವುದು, ಚಿರತೆ ಯಾವುದು ಅಂತ ಗೊತ್ತಾಗುವುದಿಲ್ಲ. ಚಿರತೆಗೆ ಅರಿವಳಿಕೆ ಮದ್ದು ಹೊಡೆದ ಮೇಲೆ ಅದು ಏರಲು ಹತ್ತು ಹದಿನೈದು ನಿಮಿಷ ಬೇಕು. ಸುತ್ತ ಕೂಗಾಟ ಇದ್ದರೆ ಮದ್ದು ಸರಿಯಾಗಿ ಏರುವುದೇ ಇಲ್ಲ. ಎರಡನೇ ಸಲ ಹೊಡೆಯಬೇಕಾಗುತ್ತದೆ, ಪ್ರಾಣಕ್ಕೇ ಕುತ್ತು. ಸೊಂಟಕ್ಕೆ ಬಿಗಿದ ಉರುಳಾದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ಕರುಳು, ಮೂತ್ರಪಿಂಡ ನಜ್ಜುಗುಜ್ಜಾಗಿರುತ್ತವೆ. ಚಿರತೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಕೊಂದರೆ 3ರಿಂದ 7 ವರ್ಷ ಜೈಲು. ಆದರೆ ಕಾಯ್ದೆಗಿಂತ ಬೇಲಿ ಸುತ್ತುವ ಕಾಲು ಹೆಚ್ಚು ಕೆಲಸ ಮಾಡುತ್ತದೆ. ತೋಟದವರು ವಾರಕ್ಕೊಮ್ಮೆ ಬೇಲಿ ಸುತ್ತಿ ವೈರು ಕಿತ್ತು ತಂದರೆ ನನ್ನ ಹತ್ತು ಇಂಜೆಕ್ಷನ್‌ಗೆ ಸಮ. ಆದರೆ ವೈರಿನಲ್ಲಿ ಪ್ರಾಣಿ ಜೀವಂತ ಸಿಕ್ಕಿದ್ದರೆ ಮುಟ್ಟದೆ ಫೋನ್ ಮಾಡಿ.

ಮಂಗನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ರೋಗ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುತ್ತದೆ. ಮಂಗ ಸತ್ತಾಗ ಉಣ್ಣೆಗಳು ಹೆಣದಿಂದ ಇಳಿದು ಸುತ್ತಲಿನ ತರಗೆಲೆಯಲ್ಲಿರುತ್ತವೆ. ಮಳೆಗಾಲ ಮುಗಿದ ಮೇಲಿಂದ ಮೇ ತನಕ ಸತ್ತ ಮಂಗ, ಮಂಕಾಗಿ ಕೂತ ಮಂಗ ಕಂಡರೆ ಕರುಣೆಯಿಂದಲೂ ಹತ್ತಿರ ಹೋಗಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಹಾಗೇ ಯಾವ ಕಾಡುಪ್ರಾಣಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗ ನಾಯಿಯಿಂದಷ್ಟೇ ಬರುವುದಲ್ಲ.

"ನಾವು ಏನು ಕೊಡಬಹುದು ಮೇಡಂ?" ಅಂತ ಕೆಲವರು ಕೇಳುತ್ತಾರೆ. ಕೇಳಿದಾಗ ಬಹಳ ಸಂತೋಷ ಆಗುತ್ತದೆ. ನಿಮ್ಮೂರಲ್ಲಿ ಹಾವು ಹಿಡಿಯುವ, ಪ್ರಾಣಿ ಬಿಡಿಸುವ ಹುಡುಗರು ಇರುತ್ತಾರೆ. ಅರಣ್ಯ ಇಲಾಖೆಯ ಜೊತೆ ಸೇರಿ ಕೆಲಸ ಮಾಡುವವರು ಯಾರು ಅಂತ ವಿಚಾರಿಸಿ, ಅವರ ಬೈಕಿಗೆ ಪೆಟ್ರೋಲ್ ಹಾಕಿಸಿ. ಎಷ್ಟೋ ಜನ ಕೂಲಿ ಬಿಟ್ಟು, ಸ್ವಂತ ಖರ್ಚಿನಲ್ಲಿ ರಾತ್ರಿ ಹೋಗುತ್ತಾರೆ. ತೋಟದ ನಾಯಿಗಳಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ, ರಾತ್ರಿ ಕಟ್ಟಿಹಾಕಿ. ನೆಲಮಟ್ಟದ ಬಾವಿಗೆ ಕಟ್ಟೆ ಕಟ್ಟಿಸಿ. ಅರಸೀಕೆರೆ ಕಡೆಯ ಕೃಷಿ ಹೊಂಡ, ನಮ್ಮ ಕಡೆ ಹೂಮಳೆಗೆ, ಅಂದರೆ ಕಾಫಿ ಹೂ ಅರಳಲು ಹಾಯಿಸುವುದಕ್ಕೆ ನೀರು ತುಂಬುವ ಪ್ಲಾಸ್ಟಿಕ್ ಹೊದಿಸಿದ ಕೆರೆ, ಎರಡೂ ಪ್ರಾಣಿಗಳಿಗೆ ಒಂದೇ. ನೀರಿಗೆ ಇಳಿದರೆ ಜಾರುವ ಹಾಳೆಯ ಮೇಲೆ ಹತ್ತಲಾಗದೆ ಈಜಿ ಈಜಿ ಸಾಯುತ್ತವೆ. ಒಂದು ಮೂಲೆಯಲ್ಲಿ ದಪ್ಪ ಹಗ್ಗದ ಬಲೆಯೋ ಹಳೇ ಟೈರುಗಳ ಸರವೋ ಇಳಿಬಿಟ್ಟರೆ ಹಿಡಿದು ಹತ್ತುತ್ತವೆ. ಅರ್ಧ ದಿನದ ಕೆಲಸ. ಇನ್ನು ಘಾಟಿಯಲ್ಲಿ ಮಂಗಗಳಿಗೆ ಬಿಸ್ಕತ್ತು ಎಸೆಯುವವರು ದಯವಿಟ್ಟು ನಿಲ್ಲಿಸಿ. ಆ ಬಿಸ್ಕತ್ತಿಗೆ ರಸ್ತೆಗಿಳಿದ ಮಂಗಗಳೇ ಗಾಡಿಗೆ ಸಿಕ್ಕಿ ನನ್ನ ಮೇಜಿಗೆ ಬರುತ್ತವೆ.

ಅದೇ ತೋಟದಿಂದ ಎರಡು ವರ್ಷದ ನಂತರ ಮತ್ತೆ ಫೋನ್ ಬಂತು. ಅದೇ ರೈಟರು. "ಇನ್ನೊಂದು ಕಾಡುಕುರಿ ಡಾಕ್ಟ್ರಮ್ಮ. ಈ ಸಲ ಬಲೆ ಬೇಲಿಗೆ ಸಿಕ್ಕಿತ್ತು. ಫಾರೆಸ್ಟಿನೋರಿಗೂ ಹೇಳಿದ್ದೀನಿ." ಹೋದರೆ ಕಣದಲ್ಲಿ ಯಾರೂ ಇಲ್ಲ. ಕುಯ್ಲು ನಡೆದೇ ಇತ್ತು. ತೋಟ ತಪ್ಪಿ ಬಂದೆನೇನೋ ಅನ್ನಿಸಿತು. ರೈಟರು ಬಾಯಿಗೆ ಬೆರಳಿಟ್ಟು ಗೋಡೌನಿನ ಕಡೆ ಕೈ ತೋರಿಸಿದರು. ಒಳಗೆ ಕತ್ತಲಲ್ಲಿ ಖಾಲಿ ಗೋಣಿಚೀಲಗಳ ಮೇಲೆ ಅದು ಕಾಲು ಮಡಿಸಿ ಕೂತಿತ್ತು. ಕಣ್ಣಿಗೆ ಯಾರದೋ ಹಳೇ ಪಂಚೆಯ ತುಂಡು. ಉಸಿರು ನಿಧಾನವಾಗಿತ್ತು. ಗಾಯ ಒರೆಸಿ ಎರಡು ಇಂಜೆಕ್ಷನ್ ಕೊಟ್ಟು ಐದು ನಿಮಿಷದಲ್ಲಿ ಹೊರಗೆ ಬಂದೆ. ಕತ್ತಲಾಗುವ ಹೊತ್ತಿಗೆ ಗಾರ್ಡ್ ಒಳಗೆ ಹೋಗಿ ಕಣ್ಣಿನ ಬಟ್ಟೆ ತೆಗೆದು, ಕಾಡಿನ ಕಡೆಯ ಬಾಗಿಲು ತೆರೆದಿಟ್ಟು ಬಂದರು. ನಾವೆಲ್ಲ ಈಚೆ ಬಂದು ಕಾಫಿ ಕುಡಿದೆವು. ಬೆಳಿಗ್ಗೆ ಹೋಗಿ ನೋಡಿದಾಗ ಒಳಗೆ ಚೀಲಗಳಷ್ಟೇ ಇದ್ದವು ಅಂತ ರೈಟರು ಫೋನ್ ಮಾಡಿ ಹೇಳಿದರು.