ಸುವಾರ್ತೆಯ ಸಾಲುಗಳಲ್ಲಿ ಉಳಿದ ಹಿಂಸೆಯ ಗುರುತು
ಬೈಬಲಿನ ಹೊಸ ಒಡಂಬಡಿಕೆಯನ್ನು ಕಲಿಸುವ ನನ್ನ ಕೈಗೆ ಪ್ರತಿ ವರ್ಷವೂ ಒಂದೆರಡು ಪ್ರಬಂಧಗಳು ರೋಮಿನ ಬಯಲುರಂಗವಾದ ಕೊಲೊಸಿಯಮ್ಮಿನ ಸಿಂಹಗಳಿಂದಲೇ ಆರಂಭವಾಗಿ ಬರುತ್ತವೆ. ಚಕ್ರವರ್ತಿ ನೀರೋ ಅಲ್ಲಿ ಕ್ರೈಸ್ತರನ್ನು ಸಿಂಹಗಳಿಗೆ ಎಸೆದ, ಸಾಮ್ರಾಜ್ಯದ ಮೂಲೆಮೂಲೆಯಲ್ಲೂ ಅವರ ಬೇಟೆ ನಡೆಯಿತು, ಅದರ ನಡುವೆಯೇ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳು ಹುಟ್ಟಿದವು ಎಂದು ಒಳ್ಳೆಯ ವಿದ್ಯಾರ್ಥಿಗಳೂ ಬರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ.

ರೋಮ್ ಹೊತ್ತಿ ಉರಿದದ್ದು ಕ್ರಿ.ಶ. 64ರ ಜುಲೈಯಲ್ಲಿ. ಬೆಂಕಿ ಇಡಿಸಿದವನು ತಾನೇ ಎಂಬ ಅಪವಾದವನ್ನು ತನ್ನ ಮೇಲಿಂದ ಕಳಚಿಕೊಳ್ಳಲು ನೀರೋ ಕ್ರೈಸ್ತರನ್ನು ಹಿಡಿಸಿ, ಮೃಗಗಳ ತೊಗಲು ಹೊದಿಸಿ ನಾಯಿಗಳಿಂದ ಸೀಳಿಸಿದ, ತನ್ನ ತೋಟದಲ್ಲಿ ಇರುಳಿನ ದೀವಟಿಗೆಗಳಂತೆ ಉರಿಸಿದ ಎಂದು ರೋಮನ್ ಇತಿಹಾಸಕಾರ ಟಾಸಿಟಸ್ ಬರೆಯುತ್ತಾನೆ. ಆ ಕ್ರೌರ್ಯ ಒಂದು ನಗರದ್ದು. ಕೊಲೊಸಿಯಂ ಉದ್ಘಾಟನೆಯಾದದ್ದೇ 80ರಲ್ಲಿ. ಸಾಮ್ರಾಜ್ಯದ ಎಲ್ಲೆಡೆ ಜನರು ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಚಕ್ರವರ್ತಿ ಡೀಸಿಯಸ್ ಆಜ್ಞೆ ಹೊರಡಿಸಿದ್ದು 250ರ ಸುಮಾರಿಗೆ. ಬಹುಪಾಲು ವಿದ್ವಾಂಸರ ಅಂದಾಜಿನಲ್ಲಿ ಸುವಾರ್ತೆಗಳು ಸುಮಾರು 65ರಿಂದ 110ರ ನಡುವಿನವು, ಅಂದರೆ ಡೀಸಿಯಸ್ಸನ ಆಜ್ಞೆಗಿಂತ ಒಂದೂವರೆ ಶತಮಾನದಷ್ಟು ಹಿಂದಿನವು. ಮೂರನೆಯ ಶತಮಾನದ ಹಿಂಸೆಯನ್ನು ಮೊದಲನೆಯ ಶತಮಾನದ ಬರಹಗಾರನ ಹೆಗಲಿಗೆ ಹೊರಿಸಿದರೆ, ಅವನು ನಿಜವಾಗಿ ಕಂಡ ಹಿಂಸೆ ನಮಗೆ ಕಾಣದೆ ಹೋಗುತ್ತದೆ.

ಹಾಗಾದರೆ ಅವನು ಕಂಡದ್ದೇನು? ಯೆಹೂದ್ಯರ ಸಭಾಮಂದಿರದ ಛಡಿಯೇಟು, ಅಧಿಪತಿಯ ಮುಂದಿನ ವಿಚಾರಣೆ, ಒಡಹುಟ್ಟಿದವನೇ ಹಿಡಿದುಕೊಡುವ ಮನೆ: ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯ ಹೇಳುವುದು ಇವನ್ನು. ಯೋಹಾನನ 9ನೆಯ ಅಧ್ಯಾಯದಲ್ಲಿ, ಕುರುಡನಾಗಿ ಹುಟ್ಟಿ ಕಣ್ಣು ಪಡೆದವನ ತಂದೆತಾಯಿಗಳು ಬಹಿಷ್ಕಾರಕ್ಕೆ ಅಂಜಿ, ಅವನು ಪ್ರಾಯದವನು, ಅವನನ್ನೇ ಕೇಳಿರಿ ಎಂದು ಜಾರಿಕೊಳ್ಳುತ್ತಾರೆ. ಬಹಿಷ್ಕಾರವೆಂದರೇನೆಂದು ನಮ್ಮ ಹಳ್ಳಿಗಳಿಂದ ಬಂದವರಿಗೆ ನಾನು ವಿವರಿಸಬೇಕಾಗಿಲ್ಲ.

ಒಮ್ಮೆ ಸಂಜೆಯ ತರಗತಿಯಲ್ಲಿ ಹಿರಿಯರೊಬ್ಬರು ಮೂರು ಸುವಾರ್ತೆಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು, ಮಾರ್ಕನಲ್ಲಿರುವ ಈ ಮಾತು ಉಳಿದವರಲ್ಲಿ ಯಾಕಿಲ್ಲ ಎಂದು ಕೇಳಿದರು. ಅವರ ಬೆರಳು ಇದ್ದದ್ದು 10ನೆಯ ಅಧ್ಯಾಯದ 30ನೆಯ ವಚನದ ಮೇಲೆ. ಎಲ್ಲವನ್ನೂ ಬಿಟ್ಟು ಬಂದವರಿಗೆ ಮನೆ, ಅಣ್ಣತಮ್ಮಂದಿರು, ಹೊಲಗಳು ನೂರ್ಮಡಿಯಾಗಿ ಸಿಗುತ್ತವೆ ಎಂಬ ಭರವಸೆಯ ನಡುವೆ ಗ್ರೀಕಿನಲ್ಲಿ ಎರಡೇ ಪದಗಳಿವೆ: ಮೆತಾ ದಿಯೋಗ್ಮೋನ್, ಅಂದರೆ ಹಿಂಸೆಗಳೊಡನೆ. ಮತ್ತಾಯನ ಮತ್ತು ಲೂಕನ ಸಮಾನ ವಚನಗಳಲ್ಲಿ ಅವಿಲ್ಲ. ಆ ಮಾತು ಮಾರ್ಕನ ಓದುಗರ ಪಾಡಿಗೆ ಹತ್ತಿರದ್ದೆಂದು ನಾನು ಎಣಿಸುತ್ತೇನೆ. ಆದರೆ ಆ ಓದುಗರು ರೋಮಿನವರೋ ಸಿರಿಯಾದವರೋ ಎಂಬ ಚರ್ಚೆ ಮುಗಿದಿಲ್ಲವಾದ್ದರಿಂದ, ಎರಡು ಪದಗಳ ಮೇಲೆ ನೀರೋವಿನ ಇಡೀ ಕಥೆಯನ್ನು ಕಟ್ಟಲಾರೆ.

ಮಾರ್ಕ ಸೋತವರನ್ನು ಮರೆಮಾಚುವುದಿಲ್ಲ. ಶಿಷ್ಯರೆಲ್ಲ ಓಡಿಹೋಗುತ್ತಾರೆ, ಅವರಲ್ಲೊಬ್ಬನಾದ ಪೇತ್ರ ಅಂಗಳದಲ್ಲಿ ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆಯುತ್ತಾನೆ. ಅಲ್ಲಗಳೆದು ಬದುಕಿಕೊಂಡವರು ಬರೀ ಕಲ್ಪನೆಯಲ್ಲ: ಸುಮಾರು 112ರಲ್ಲಿ ರೋಮನ್ ಪ್ರಾಂತ್ಯವಾದ ಬಿಥೂನಿಯದ ಅಧಿಪತಿ ಪ್ಲಿನಿ, ನೀವು ಕ್ರೈಸ್ತರೇ ಎಂದು ಆಪಾದಿತರನ್ನು ಮೂರು ಸಲ ಕೇಳುತ್ತಿದ್ದುದಾಗಿಯೂ, ಕೆಲವರು 20 ವರ್ಷಗಳ ಹಿಂದೆಯೇ ನಂಬಿಕೆ ತೊರೆದಿದ್ದೆವೆಂದು ಹೇಳಿದ್ದಾಗಿಯೂ ಚಕ್ರವರ್ತಿ ಟ್ರಾಜನ್ನನಿಗೆ ಬರೆಯುತ್ತಾನೆ. ಮಾರ್ಕನ ಸುವಾರ್ತೆ ಆ ಪತ್ರಕ್ಕಿಂತ ಹಳೆಯದು, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಆದರೂ ಅಂಥವರು ಕೂತಿದ್ದ ಸಭೆಯಲ್ಲಿ ಮಾರ್ಕನ 16ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದ್ದರೆ ಹೇಗೆ ಕೇಳಿಸಿರಬಹುದೆಂದು ನಾನು ಯೋಚಿಸುತ್ತೇನೆ. ಯೇಸುವಿನ ಬರಿದಾದ ಸಮಾಧಿಯಲ್ಲಿ ಕೂತ ಯುವಕ ಹೆಂಗಸರಿಗೆ ಹೇಳುತ್ತಾನೆ: ಹೋಗಿ ಅವನ ಶಿಷ್ಯರಿಗೆ ತಿಳಿಸಿರಿ, ಪೇತ್ರನಿಗೂ ತಿಳಿಸಿರಿ. ಪೇತ್ರನ ಹೆಸರನ್ನು ಹೀಗೆ ಬೇರೆಯಾಗಿ ಎತ್ತಿ ಹೇಳುವುದು ಅಲ್ಲಿ ಮಾರ್ಕನೊಬ್ಬನೇ.