ಹಡಗಿನ ಪಟ್ಟಿ ಓದುವುದು ಹೇಗೆ: ‘ಲಿಂಕಾರ್ನ್’ ಎಂಬ ಹುಡುಗನಿಂದ ಶುರು ಮಾಡೋಣ

ಇಂಗ್ಲೆಂಡಿನಿಂದ ಅಮೆರಿಕದ ವಸಾಹತುಗಳಿಗೆ ಹಡಗಿನಲ್ಲಿ ಹೊರಟವರ ಹಳೆಯ ಪಟ್ಟಿಗಳ ಬಗ್ಗೆ ಈ ಬರಹ. ಮೊದಲು ಒಂದು ನಮೂದು ನೋಡಿ. ದಿನಾಂಕ 1637ರ ಏಪ್ರಿಲ್ 8. ಜಾಗ, ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮೌತ್ ಬಂದರು. ಗುಮಾಸ್ತ ಬರೆದುಕೊಂಡಿರುವುದು ಇಷ್ಟು: ನಾರ್ವಿಚ್‌ನಲ್ಲಿ ಹುಟ್ಟಿ ಅಲ್ಲೇ ವಾಸವಿರುವ ನೇಕಾರ ಫ್ರಾನ್ಸಿಸ್ ಲಾಸ್, ವಯಸ್ಸು 57. ಹೆಂಡತಿ ಲಿಡಿಯಾ, 49. ಮಗಳು ಮೇರಿ. ಇಬ್ಬರು ಆಳುಗಳು, ಸ್ಯಾಮ್ಯುಯೆಲ್ ಲಿಂಕಾರ್ನ್ 18, ಆನ್ ಸ್ಮಿತ್ 19. ಇವರೆಲ್ಲ ನ್ಯೂ ಇಂಗ್ಲೆಂಡಿಗೆ (ಅಮೆರಿಕದ ಈಶಾನ್ಯ ತೀರದ ಇಂಗ್ಲಿಷ್ ವಸಾಹತುಗಳು) ಹೋಗಿ ನೆಲೆಸಲು ಬಯಸುತ್ತಾರೆ.

ಅಷ್ಟೇ, ಮುಗೀತು.

ಈ ‘ಲಿಂಕಾರ್ನ್’ ಬೇರೆ ಯಾರೂ ಅಲ್ಲ, ಸ್ಯಾಮ್ಯುಯೆಲ್ ಲಿಂಕನ್. ಅವನನ್ನು ಒಂದನೇ ತಲೆಮಾರು ಅಂತ ಎಣಿಸಿದರೆ ಏಳನೆಯವನು ಅಬ್ರಹಾಂ ಲಿಂಕನ್. ಆದರೆ ಇದನ್ನು ಪಟ್ಟಿ ನಮಗೆ ಹೇಳುವುದಿಲ್ಲ. ಪಟ್ಟಿಯಲ್ಲಿರುವುದು ತಪ್ಪು ಕಾಗುಣಿತದ ಒಂದು ಹೆಸರು, ಜೊತೆಗೆ ತಪ್ಪು ವಯಸ್ಸು. ನಾರ್‌ಫೋಕ್‌ನ ಹಿಂಗಮ್ ಊರಿನ ಚರ್ಚ್ ಪುಸ್ತಕದಲ್ಲಿ ಅವನ ಬ್ಯಾಪ್ಟಿಸಮ್ ಆಗಿರುವುದು 1622ರ ಆಗಸ್ಟ್‌ನಲ್ಲಿ. ಆಗೆಲ್ಲ ಮಗು ಹುಟ್ಟಿದ ಕೆಲವೇ ದಿನಕ್ಕೆ ಇದು ಆಗಿಬಿಡುತ್ತಿತ್ತು. ಹಾಗಾದರೆ ಹಡಗು ಹತ್ತುವಾಗ ಹುಡುಗನಿಗೆ 14 ತುಂಬಿತ್ತು, 18 ಅಲ್ಲ. ನಮ್ಮ ಕಡೆ ಮೇಷ್ಟ್ರು ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಹುಟ್ಟಿದ ದಿನ ಬರೆದುಬಿಡುತ್ತಿದ್ದರಲ್ಲ, ಅದು ನೆನಪಿದ್ದರೆ ಸಾಕು, ಇಂಥ ಪಟ್ಟಿಯ ವಯಸ್ಸನ್ನು ಎಷ್ಟು ನಂಬಬೇಕು ಅಂತ ಗೊತ್ತಾಗುತ್ತದೆ.

ನಾನು ಓದಲು ಶುರು ಮಾಡಿದಾಗ ಮಾಡಿದ ದೊಡ್ಡ ತಪ್ಪು ಅಂದರೆ, ಇವನ್ನು ಇವತ್ತಿನ ವಿಮಾನದ ಪ್ರಯಾಣಿಕರ ಪಟ್ಟಿ ಅಂದುಕೊಂಡಿದ್ದು. ಹೆಸರು ಇದೆ ಅಂದರೆ ಹೋದ, ಇಲ್ಲ ಅಂದರೆ ಹೋಗಲಿಲ್ಲ. ಎರಡೂ ಸುಳ್ಳು. 1630ರ ದಶಕದ ಈ ಪಟ್ಟಿಗಳು ದೇಶ ಬಿಡಲು ಕೊಟ್ಟ ಪರವಾನಗಿಯ ಲೆಕ್ಕ. ಒಂದನೇ ಚಾರ್ಲ್ಸ್ ರಾಜನ ಸರ್ಕಾರಕ್ಕೆ ಎರಡು ಚಿಂತೆ ಇತ್ತು: ತೆರಿಗೆ ಕಟ್ಟುವವರು ತಪ್ಪಿಸಿಕೊಂಡು ಹೋಗಬಾರದು, ಇಂಗ್ಲೆಂಡಿನ ಚರ್ಚಿಗೆ ಬಗ್ಗದವರು ಗುಂಪು ಕಟ್ಟಿಕೊಂಡು ಹೋಗಬಾರದು. ಅದಕ್ಕೇ ಹೊರಡುವವನು ತನ್ನ ಊರಿನ ಪಾದ್ರಿಯಿಂದ ಒಂದು ಪತ್ರ, ಅಲ್ಲಿನ ನ್ಯಾಯಾಧಿಕಾರಿಗಳಿಂದ ಇನ್ನೊಂದು ಪತ್ರ ತರಬೇಕಿತ್ತು, ರಾಜನಿಗೆ ನಿಷ್ಠನಾಗಿರುತ್ತೇನೆ ಅಂತ ಪ್ರಮಾಣವನ್ನೂ ಮಾಡಬೇಕಿತ್ತು. ಗುಮಾಸ್ತ ಬರೆದಿಟ್ಟಿದ್ದು ಇದನ್ನು. ಆಮೇಲೆ ಹಡಗು ಮುಳುಗಿತೋ, ಇವನು ಹತ್ತಲೇ ಇಲ್ಲವೋ, ಅದು ಅವನ ತಲೆನೋವಲ್ಲ.

ಇದು ಒಮ್ಮೆ ತಲೆಗೆ ಹೋದರೆ ಉಳಿದದ್ದು ಸಲೀಸು. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ (ಸರ್ಕಾರಿ ದಾಖಲೆಗಳ ಭಂಡಾರ) 1635ರ ಲಂಡನ್ ಬಂದರಿನ ಪುಸ್ತಕ ಇದೆ. ಆ ಒಂದೇ ವರ್ಷ ಲಂಡನ್ನಿನಿಂದ ವಸಾಹತುಗಳಿಗೆ ಹೊರಟ ಸುಮಾರು 5 ಸಾವಿರ ಜನರ ಹೆಸರು ಅದರಲ್ಲಿದೆ. ವರ್ಜೀನಿಯಾ, ಬಾರ್ಬಡೋಸ್, ನ್ಯೂ ಇಂಗ್ಲೆಂಡ್, ಎಲ್ಲ ಕಡೆಗೂ. ನ್ಯೂ ಇಂಗ್ಲೆಂಡಿಗೆ ಹೋಗುವವರ ನಮೂದಿನಲ್ಲಿ ಕಸುಬು, ವಯಸ್ಸು, ಎಷ್ಟೋ ಸಲ ಪತ್ರ ತಂದ ಊರು ಕೂಡ ಸಿಗುತ್ತದೆ. ವರ್ಜೀನಿಯಾದ ಕಡೆಗೆ ಹೋದರೆ ಉದ್ದಕ್ಕೂ ಹೆಸರು, ವಯಸ್ಸು, ಹೆಸರು, ವಯಸ್ಸು. ಅವರಲ್ಲಿ ಹೆಚ್ಚಿನವರು ಕರಾರಿಗೆ ದುಡಿಯಲು ಹೊರಟ ಹುಡುಗರು.

ಈಗ ಒಂದು ಮಜಾ. 1635ರಲ್ಲಿ ‘ಡಿಫೆನ್ಸ್’ ಎಂಬ ಹಡಗಿನ ಪಟ್ಟಿಯಲ್ಲಿ ಜಾನ್ ಶೆಪರ್ಡ್ ಎಂಬ ಬೇಸಾಯಗಾರ ಇದ್ದಾನೆ. ಅವನು ಜಾನೂ ಅಲ್ಲ, ಬೇಸಾಯಗಾರನೂ ಅಲ್ಲ. ಅವನು ಥಾಮಸ್ ಶೆಪರ್ಡ್, ಬಿಷಪ್ಪರ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಪ್ಯೂರಿಟನ್ ಪಾದ್ರಿ, ಅಂದರೆ ಇಂಗ್ಲೆಂಡಿನ ಚರ್ಚನ್ನು ಇನ್ನೂ ಶುದ್ಧ ಮಾಡಬೇಕು ಅನ್ನುತ್ತಿದ್ದ ಪಂಗಡದವನು. ಅಣ್ಣನ ಹೆಸರು ಹೇಳಿ ಹಡಗು ಹತ್ತಿದ. ಮುಂದೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ದೊಡ್ಡ ಹೆಸರು ಮಾಡಿದ. ಪಟ್ಟಿ ಮಾಡಿದ್ದೇ ಇಂಥವರನ್ನು ತಡೆಯಲು ಅಂದಮೇಲೆ ಇಂಥವರು ಪಟ್ಟಿಯಲ್ಲಿ ಸುಳ್ಳು ಹೇಳದೆ ಇರುತ್ತಾರಾ?

ಇನ್ನೊಂದು ಹಡಗು ‘ಪ್ಲಾಂಟರ್’, ಅದೇ ವರ್ಷದ್ದು. ಸೇಂಟ್ ಆಲ್ಬನ್ಸ್ ಊರಿನಿಂದ ಪತ್ರ ತಂದವರು: ಬಟ್ಟೆ ವ್ಯಾಪಾರಿ ಜಾನ್ ಟಟ್ಲ್ 39, ಜೋನ್ ಟಟ್ಲ್ 42. ಕೆಳಗೆ ಲಾರೆನ್ಸ್ ಎಂಬ ಅಡ್ಡಹೆಸರಿನ ಮೂವರು, 17, 12, 9 ವರ್ಷದವರು. ಆಮೇಲೆ ಟಟ್ಲ್ ಮಕ್ಕಳು ನಾಲ್ವರು. ಅದರ ಕೆಳಗೆ ಜೋನ್ ಆಂಟ್ರೋಬಸ್, 65. ಸುಮ್ನೆ ಓದಿದರೆ ಮೂರು ಬೇರೆ ಬೇರೆ ಮನೆಯವರು ಅನಿಸುತ್ತದೆ. ಅಲ್ಲ, ಎಲ್ಲ ಒಂದೇ ಮನೆ! ಲಾರೆನ್ಸ್ ಮಕ್ಕಳು ಜೋನ್‌ಳ ಮೊದಲ ಗಂಡನ ಮಕ್ಕಳು, ಆಂಟ್ರೋಬಸ್ ಅಜ್ಜಿ ಅವಳ ತಾಯಿ. ಇದು ತಿಳಿಯುವುದು ಊರಿನ ಚರ್ಚ್ ಪುಸ್ತಕ, ಉಯಿಲುಗಳಿಂದ. ಆ 17ರ ಹುಡುಗ ಜಾನ್ ಲಾರೆನ್ಸ್ ಮುಂದೆ ನ್ಯೂಯಾರ್ಕಿನ ಮೇಯರ್ ಆದ. ಆದ್ದರಿಂದ ನನ್ನ ಸಲಹೆ, ನಿಮಗೆ ಬೇಕಾದ ಒಂದು ಹೆಸರನ್ನು ಕಿತ್ತುಕೊಂಡು ಬರಬೇಡಿ, ಮೇಲಿನ ಹತ್ತು, ಕೆಳಗಿನ ಹತ್ತು ಹೆಸರನ್ನೂ ಬರೆದುಕೊಳ್ಳಿ. ಒಂದೇ ಹಡಗಿನ ಜನರ ಹೆಸರು ಪುಸ್ತಕದಲ್ಲಿ ಹಲವು ದಿನಾಂಕಗಳ ಕೆಳಗೆ ಚದುರಿರುತ್ತದೆ ಅನ್ನುವುದೂ ಗಮನದಲ್ಲಿರಲಿ.

ಕೈಬರಹದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಅಭ್ಯಾಸದಿಂದಲೇ ಬರಬೇಕು. ಉದ್ದದ ಎಸ್ ಅಕ್ಷರ ಎಫ್ ಥರ ಕಾಣುತ್ತದೆ, ಯು ಮತ್ತು ವಿ ಜಾಗ ಬದಲಿಸಿಕೊಳ್ಳುತ್ತವೆ, ರೋಮನ್ ಅಂಕಿಯ ಕೊನೆಯ ಐಗೆ ಬಾಲ ಬಂದು ಜೆ ಆಗುತ್ತದೆ. ಕಂಪ್ಯೂಟರಿನಲ್ಲಿ ಹುಡುಕುವಾಗ ಪೂರ್ತಿ ಹೆಸರು ಹಾಕಬೇಡಿ. ‘ಲಿಂಕ್’ ಅಂತ ಹಾಕಿ ಮುಂದೆ ನಕ್ಷತ್ರ ಚಿಹ್ನೆ ಇಟ್ಟರೆ ಲಿಂಕಾರ್ನ್ ಸಿಗುತ್ತಾನೆ, ಇಲ್ಲದಿದ್ದರೆ ಇಲ್ಲ. ಇಂಟರ್‌ನೆಟ್ಟಿನಲ್ಲಿ ಓಡಾಡುವ ಬಹಳಷ್ಟು ಪಟ್ಟಿಗಳು 1874ರಲ್ಲಿ ಅಚ್ಚಾದ ಒಂದು ಸಂಗ್ರಹದ ನಕಲು, ನಕಲಿನ ನಕಲು. ಮೂಲ ಪುಟದ ಫೋಟೋ ಸಿಕ್ಕರೆ ಬಿಡಬೇಡಿ.

ದಿನಾಂಕದ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. 1752ರವರೆಗೆ ಇಂಗ್ಲೆಂಡಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. 1634ರ ಮಾರ್ಚ್ 24ರ ಮರುದಿನ 1635ರ ಮಾರ್ಚ್ 25. ಹಾಗಾಗಿ ಆಗಿನವರು ‘1634ರ ಫೆಬ್ರವರಿ’ ಅಂದರೆ ನಮ್ಮ ಲೆಕ್ಕದಲ್ಲಿ 1635. ಬಲ್ಲವರು ಇದನ್ನು 1634/5 ಅಂತ ಬರೆಯುತ್ತಾರೆ. ಇದು ತಪ್ಪಿದರೆ ಮಗು ಹುಟ್ಟುವ ಮೊದಲೇ ಹಡಗು ಹತ್ತಿದ ಹಾಗಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅಂಥ ಒಂದು ಮಗು ಆರು ತಿಂಗಳು ಇತ್ತು!

ಪಟ್ಟಿಯೇ ಇಲ್ಲದ ಹಡಗುಗಳು ಇನ್ನೂ ಜಾಸ್ತಿ. 1620ರ ‘ಮೇಫ್ಲವರ್’ ಎಲ್ಲರಿಗೂ ಗೊತ್ತು, 102 ಜನ. ಬಂದರಿನಲ್ಲಿ ಬರೆದ ಪಟ್ಟಿ ಅದಕ್ಕೆ ಉಳಿದಿಲ್ಲ. ಹೆಸರುಗಳು ನಮಗೆ ಸಿಕ್ಕಿರುವುದು ಅದೇ ಹಡಗಿನಲ್ಲಿ ಬಂದ ವಿಲಿಯಂ ಬ್ರಾಡ್‌ಫರ್ಡ್ ಸುಮಾರು ಮೂವತ್ತು ವರ್ಷ ಆದಮೇಲೆ ಕೂತು ಬರೆದದ್ದರಿಂದ. ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳು ಅಂತಲೂ ಬರೆದಿದ್ದಾನೆ, ಹಾಗಾಗಿ ಒಂದು ರೀತಿಯಲ್ಲಿ ಇದು ಪಟ್ಟಿಗಿಂತ ವಾಸಿ. 1630ರಲ್ಲಿ ಜಾನ್ ವಿಂತ್ರಪ್ ಮುಂದಾಳತ್ವದಲ್ಲಿ ಮ್ಯಾಸಚೂಸೆಟ್ಸ್‌ಗೆ ಹೋದ ಹಡಗುಗಳಿಗೂ ಪಟ್ಟಿ ಇಲ್ಲ. ಪೆನ್ಸಿಲ್ವೇನಿಯಾಕ್ಕೆ ವಿಲಿಯಂ ಪೆನ್ ಬಂದ ‘ವೆಲ್‌ಕಮ್’ಗೂ ಇಲ್ಲ, 1682ರದು. ಆದರೂ ಇವುಗಳ ‘ಪ್ರಯಾಣಿಕರ ಪಟ್ಟಿ’ ಬೇಕಾದಷ್ಟು ಸಿಗುತ್ತವೆ. ಅವೆಲ್ಲ ಆಮೇಲಿನವರು ಕೂಡಿಸಿ ಕಟ್ಟಿದ್ದು. ಕೆಲವು ಒಳ್ಳೆಯ ಕೆಲಸ, ಕೆಲವು ನಮ್ಮ ತಾತನೂ ಇದ್ದ ಅನ್ನುವ ಆಸೆ.

ವರ್ಜೀನಿಯಾದಲ್ಲಿ ಉಲ್ಟಾ. ಅಲ್ಲಿ 1624/5ರ ಚಳಿಗಾಲದಲ್ಲಿ ಮನೆಮನೆಗೆ ಹೋಗಿ ಜನಗಣತಿ ಮಾಡಿದರು. ಎಷ್ಟೋ ಹೆಸರುಗಳ ಮುಂದೆ ಯಾವ ಹಡಗಿನಲ್ಲಿ ಬಂದರು, ಯಾವ ವರ್ಷ ಅಂತ ಇದೆ. ಇದು ಹೊರಟವರ ಲೆಕ್ಕವಲ್ಲ, ಬಂದು ಬದುಕಿದ್ದವರ ಲೆಕ್ಕ. ಜೇಮ್ಸ್‌ಟೌನಿನ ವಿಲಿಯಂ ಪಿಯರ್ಸ್ ಮನೆಯಲ್ಲಿ ‘ಏಂಜೆಲೊ’ ಎಂಬ ಆಫ್ರಿಕಾದ ಹೆಂಗಸು, ಬಂದದ್ದು ‘ಟ್ರೆಷರರ್’ ಹಡಗಿನಲ್ಲಿ. ಅವಳನ್ನು ಹಿಡಿದು ತಂದಿದ್ದರು. ಯಾವ ಪರವಾನಗಿ ಪುಸ್ತಕದಲ್ಲೂ ಅವಳ ಹೆಸರು ಇರಲು ಸಾಧ್ಯವೇ ಇಲ್ಲ.

ಅಲ್ಲಿನ ಜಮೀನು ದಾಖಲೆಗಳನ್ನೂ ಬಿಡಬಾರದು. ಒಬ್ಬ ಮನುಷ್ಯನನ್ನು ಸ್ವಂತ ಖರ್ಚಿನಲ್ಲಿ ಕರೆತಂದರೆ 50 ಎಕರೆ ಅಂತ ಲೆಕ್ಕ. ಜಮೀನು ಕೇಳುವವನು ತಲೆ ಎಣಿಸಿ ಹೆಸರು ಕೊಡುತ್ತಿದ್ದ. ಹೀಗಾಗಿ ಹಡಗಿನ ಪಟ್ಟಿ ಇಲ್ಲದಿದ್ದರೂ ಹೆಸರು ಉಳಿಯಿತು. ಆದರೆ ಹುಷಾರು, ಈ ಹಕ್ಕನ್ನು ಮಾರುತ್ತಿದ್ದರು, ಒಂದೇ ತಲೆಯನ್ನು ಎರಡು ಸಲ ಎಣಿಸುತ್ತಿದ್ದರು, ಮನುಷ್ಯ ಬಂದು ವರ್ಷಗಳಾದ ಮೇಲೆ ಅರ್ಜಿ ಹಾಕುತ್ತಿದ್ದರು. ಜಮೀನಿನ ಪಟ್ಟಾದಲ್ಲಿರುವ ದಿನಾಂಕ ಆ ಮನುಷ್ಯ ಬಂದ ದಿನಾಂಕವಲ್ಲ. 1635ರಲ್ಲಿ ಜಾರ್ಜ್ ಮೆನಿಫಿ ಎಂಬ ವ್ಯಾಪಾರಿ ಕೊಟ್ಟ ಹೆಸರುಗಳಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಅಂತ ಒಬ್ಬನಿದ್ದಾನೆ. ಬರೀ ‘ಇಂಡಿಯನ್’ ಅಂದಿದ್ದರೆ ಅಲ್ಲಿನ ಮೂಲನಿವಾಸಿ. ‘ಈಸ್ಟ್’ ಅಂತ ಸೇರಿಸಿರುವುದರಿಂದ ನಮ್ಮ ಕಡಲುಗಳ ಕಡೆಯವನು. ಊರಿಲ್ಲ, ವಯಸ್ಸಿಲ್ಲ, 50 ಎಕರೆ ಮಾತ್ರ ಇದೆ. ಈ ಸಾಲು ಓದಿದ ದಿನ ನಾನು ಬೇರೆ ಏನೂ ಓದಲಿಲ್ಲ.

ಬೇರೆ ಕಾಲಕ್ಕೆ ಬೇರೆ ಕಡತಗಳಿವೆ. ಬ್ರಿಸ್ಟಲ್‌ನಲ್ಲಿ 1654ರಿಂದ 1686ರವರೆಗಿನ ಕರಾರಿನ ಆಳುಗಳ ಪುಸ್ತಕ, 10 ಸಾವಿರಕ್ಕೂ ಹೆಚ್ಚು ಹೆಸರು. 1773ರಿಂದ 1776ರವರೆಗೆ ಬ್ರಿಟನ್ ಬಿಟ್ಟು ಹೊರಟವರ ಪಟ್ಟಿ ಬಲು ಚೆನ್ನ, ಯಾಕೆ ಹೋಗುತ್ತಿದ್ದೀರಿ ಅಂತಲೂ ಕೇಳಿ ಬರೆದಿದ್ದಾರೆ. ಅಮೆರಿಕ ಸರ್ಕಾರ ತಾನೇ ಪಟ್ಟಿ ಇಡಲು ಶುರು ಮಾಡಿದ್ದು 1820ರಲ್ಲಿ.

ಮತ್ತೆ ಲಿಂಕಾರ್ನ್‌ಗೆ ಬರೋಣ. ಪಟ್ಟಿಯ ಹುಡುಗ ಮತ್ತು ಮ್ಯಾಸಚೂಸೆಟ್ಸ್‌ನ ಹಿಂಗಮ್‌ನಲ್ಲಿ ಮನೆ ಮಾಡಿದ ಸ್ಯಾಮ್ಯುಯೆಲ್ ಇಬ್ಬರೂ ಒಬ್ಬನೇ ಅನ್ನಲು ಆಧಾರ ಏನು? ಅವನ ಅಣ್ಣ ಥಾಮಸ್ ಅದೇ ಊರಿನಲ್ಲಿದ್ದ, ಅವನೂ ನೇಕಾರ. ಊರಿನ ಹೆಸರೇ ಹಳೆಯ ಊರಿನದು. ಹೀಗೆ ಒಂದಕ್ಕೊಂದು ಕೂಡಿಸಿದ್ದು. ಸ್ವತಃ ಅಬ್ರಹಾಂ ಲಿಂಕನ್‌ಗೆ ಇದು ಗೊತ್ತಿರಲಿಲ್ಲ. ನ್ಯೂ ಇಂಗ್ಲೆಂಡಿನ ಲಿಂಕನ್‌ಗಳ ಜೊತೆ ನಂಟು ಹುಡುಕಿದವರಿಗೆ ಎರಡೂ ಮನೆಗಳಲ್ಲಿ ಮೊರ್ಡೆಕಾಯ್, ಸಾಲೊಮನ್, ಅಬ್ರಹಾಂ ಥರದ ಹೆಸರು ಇರುವುದು ಬಿಟ್ಟರೆ ಬೇರೇನೂ ಸಿಗಲಿಲ್ಲ ಅಂತ 1859ರಲ್ಲಿ ಬರೆದಿದ್ದ.

ನಾನೀಗ ಅದೇ ನಮೂದಿನ ಆನ್ ಸ್ಮಿತ್, 19, ಇವಳ ಹಿಂದೆ ಬಿದ್ದಿದ್ದೇನೆ. ಸ್ಮಿತ್ ಅನ್ನುವ ಹೆಸರು ಗಲ್ಲಿಗೊಂದು, ಮದುವೆಯಾದ ಮೇಲೆ ಅದೂ ಹೋಗಿಬಿಡುತ್ತದೆ. ಯಜಮಾನ ಲಾಸ್ ಹೋಗಿ ನೆಲೆಸಿದ್ದು ಸೇಲಂನಲ್ಲಿ, ಹಾಗಾಗಿ ಅಲ್ಲಿನ ಊರಾಡಳಿತದ ದಾಖಲೆಯ ಮದುವೆಗಳಿಂದ ಶುರು ಮಾಡಿದ್ದೇನೆ. ಸದ್ಯ ಆನ್ ಎಂಬ ಹೆಸರಿನವರು ನಾಲ್ಕು ಪುಟ ಆಗಿದ್ದಾರೆ.