ಸೂಜಿಯ ಕೆಲಸ ಮುಗಿದ ಮೇಲಿನ ಅರ್ಧ ನಿಮಿಷ

ನಾನು ಶಿರಸಿ ಕಡೆಯವಳು. ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರದಾದರೂ ಬೆರಳಿಗೆ ಮೆಟ್ಟುಗತ್ತಿ ತಾಗುವುದು ಮಾಮೂಲು. ತಾಗಿದ ಕೂಡಲೇ ಬೆರಳು ಬಾಯಿಗೆ ಹೋಗುತ್ತದೆ. ಒಮ್ಮೆ ಚೀಪಿ, ಚಿಟಿಕೆ ಅರಿಶಿನ ಒತ್ತಿ, ಮತ್ತೆ ಸುಲಿಯಲು ಕೂರುತ್ತಾರೆ. ನರ್ಸಿಂಗ್ ಓದಲು ಕಾರವಾರಕ್ಕೆ ಬಂದ ಮೇಲೆ ಮೀನು ಮಾರ್ಕೆಟ್‌ನಲ್ಲೂ ಅದನ್ನೇ ನೋಡಿದೆ. ಮುಳ್ಳು ಚುಚ್ಚಿದರೆ ಬೆರಳು ಬಾಯಿಗೆ.

ಎರಡನೇ ವರ್ಷದ ಪೋಸ್ಟಿಂಗ್‌ನಲ್ಲಿ ನನಗೆ ಸೂಜಿ ಚುಚ್ಚಿದಾಗ ನಾನು ಮಾಡಿದ್ದೂ ಅದೇ. ಇಂಜೆಕ್ಷನ್ ಕೊಟ್ಟಾಗಿತ್ತು. ಹಾಸಿಗೆಯ ಪಕ್ಕ ಸೂಜಿ ಹಾಕುವ ಡಬ್ಬಿ ಇರಲಿಲ್ಲ. ವಾರ್ಡಿನ ಆ ತುದಿಗೆ ನಡೆಯಬೇಕಿತ್ತು. ಸೂಜಿ ತೆರೆದಿಟ್ಟುಕೊಂಡು ಹೇಗೆ ಹೋಗುವುದು ಎಂದು ಕ್ಯಾಪ್ ಹಾಕಲು ಹೋದೆ. ಕ್ಯಾಪ್ ಎಡಗೈಯಲ್ಲಿತ್ತು. ಸೂಜಿ ಅದರ ಅಂಚು ದಾಟಿ ತೋರುಬೆರಳಿಗೆ ಇಳಿಯಿತು. ಬೆರಳನ್ನು ಬಾಯಿಗಿಟ್ಟೆ. ಆಮೇಲೆ ನಾಲ್ಕು ಗಂಟೆ ಯಾರಿಗೂ ಹೇಳಲಿಲ್ಲ. ಬೈಗುಳದ ಭಯ, ಜೊತೆಗೆ ನಾಚಿಕೆ. ಕೊನೆಗೆ ಹಿರಿಯ ಸಿಸ್ಟರ್ ಒಬ್ಬರಿಗೆ ಹೇಳಿದಾಗ ಅವರು ಬೈಯಲಿಲ್ಲ. "ಇಷ್ಟು ಹೊತ್ತು ಎಂತ ಮಾಡ್ತಾ ಇದ್ದೆ ಮಾರಾಯ್ತಿ?" ಎಂದವರೇ ಕೈ ಹಿಡಿದು ಕ್ಯಾಜುವಾಲ್ಟಿಗೆ ಕರೆದುಕೊಂಡು ಹೋದರು. ಆ ರೋಗಿಯ ರಕ್ತದಲ್ಲಿ ಯಾವ ಸೋಂಕೂ ಇರಲಿಲ್ಲ. ಆದರೆ ಆ ನಾಲ್ಕು ಗಂಟೆ ನಾನು ಕಳೆದುಕೊಂಡಿದ್ದು ನಿಜ. ಜೂನಿಯರ್‌ಗಳಿಗಾಗಿ ಈ ಟಿಪ್ಪಣಿ ಬರೆಯುತ್ತಿರುವುದು ಅದಕ್ಕೇ.

ಯಾವಾಗ ಚುಚ್ಚುತ್ತದೆ?

ರೋಗಿಗೆ ಚುಚ್ಚುವಾಗ ನಮ್ಮ ಗಮನವೆಲ್ಲ ಸೂಜಿಯ ಮೇಲೆ ಇರುತ್ತದೆ. ಅದು ಹೊರಗೆ ಬಂದ ಮೇಲೆ 'ಮುಗಿಯಿತು' ಅನಿಸುತ್ತದೆ. ಹತ್ತಿ ಒತ್ತುತ್ತೇವೆ, ರೋಗಿಯ ಜೊತೆ ಮಾತಾಡುತ್ತೇವೆ, ಪಕ್ಕದ ಹಾಸಿಗೆಯವರು ಕರೆಯುತ್ತಾರೆ. ರಕ್ತ ತಾಗಿದ ಸೂಜಿ ಇನ್ನೂ ಕೈಯಲ್ಲೇ ಇರುತ್ತದೆ. ಸೂಜಿ ಹೊರಗೆ ಬಂದು ಡಬ್ಬಿಗೆ ಬೀಳುವವರೆಗಿನ ಆ ಅರ್ಧ ನಿಮಿಷವೇ ನಿಜವಾದ ಅಪಾಯದ ಹೊತ್ತು. ಕ್ಯಾಪ್ ಹಾಕುವುದು, ಸಿರಿಂಜ್‌ನಿಂದ ಸೂಜಿಯನ್ನು ಕೈಯಲ್ಲಿ ತಿರುಗಿಸಿ ಬಿಚ್ಚುವುದು, ಟ್ರೇಯಲ್ಲಿ ಹತ್ತಿಯ ಅಡಿಗೆ ಇಡುವುದು, ಇನ್ನೊಬ್ಬರ ಕೈಗೆ ಕೊಡುವುದು, ಎಲ್ಲವೂ ಈ ಹೊತ್ತಿನಲ್ಲೇ ನಡೆಯುತ್ತವೆ.

ಹಾಗಾಗಿ ಕ್ಯಾಪ್ ಮತ್ತೆ ಹಾಕಬೇಡಿ. ಬಗ್ಗಿಸಬೇಡಿ, ಮುರಿಯಬೇಡಿ. ಇಂಜೆಕ್ಷನ್ ಕೊಡುವ ಮೊದಲೇ ಡಬ್ಬಿ ಎಲ್ಲಿದೆ ಎಂದು ನೋಡಿ. ಹತ್ತಿರ ಇಲ್ಲದಿದ್ದರೆ ಟ್ರಾಲಿಯ ಮೇಲಿಟ್ಟುಕೊಂಡೇ ಹೋಗಿ. ಅಂದು ನಾನು ಮಾಡಬೇಕಿದ್ದದ್ದು ಇಷ್ಟೇ. ಎಂದಾದರೂ ಕ್ಯಾಪ್ ಹಾಕಲೇಬೇಕಾದರೆ ಅದನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಲ್ಲಿ ಸಿರಿಂಜ್ ಹಿಡಿದು, ಸೂಜಿಯ ತುದಿಯಿಂದ ಕ್ಯಾಪನ್ನು ಎತ್ತಿಕೊಳ್ಳಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಆಪರೇಷನ್ ಥಿಯೇಟರ್‌ನಲ್ಲಿ ಬ್ಲೇಡ್, ಸೂಜಿಗಳನ್ನು ಕೈಯಿಂದ ಕೈಗೆ ಕೊಡದೆ ನಡುವೆ ಒಂದು ಟ್ರೇಯಲ್ಲಿಟ್ಟು ತೆಗೆದುಕೊಳ್ಳುವುದು ಒಳ್ಳೆಯ ರೂಢಿ.

ಗ್ಲೌಸ್ ಬಗ್ಗೆ ಒಂದು ಮಾತು. ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ. ಆದರೆ ಸೂಜಿ ಅದನ್ನು ದಾಟುವಾಗ ಹೊರಗೆ ಅಂಟಿದ ರಕ್ತ ಸ್ವಲ್ಪ ಒರೆಸಿಹೋಗುತ್ತದೆ. ಒಳಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೇಗೂ ತಡೆಯಲ್ಲ ಅಲ್ವಾ ಎಂದು ಬಿಡಬೇಡಿ.

ಯಾವ ಸೋಂಕಿಗೆ ಎಷ್ಟು ಹೆದರಬೇಕು?

ಸೂಜಿ ಚುಚ್ಚಿದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಎಚ್‌ಐವಿ. ಅಂಕಿಗಳು ಬೇರೆಯೇ ಹೇಳುತ್ತವೆ. ರೋಗಿಗೆ ಎಚ್‌ಐವಿ ಇದ್ದು, ಅವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು 0.3 ಶೇಕಡಾ, ಅಂದರೆ 1000ಕ್ಕೆ 3. ಹೆಪಟೈಟಿಸ್ ಬಿ, ಸಿ ಎರಡೂ ಲಿವರ್‌ಗೆ ತಗಲುವ ವೈರಸ್ ಸೋಂಕುಗಳು. ಹೆಪಟೈಟಿಸ್ ಸಿ ವಿಷಯದಲ್ಲಿ 100ಕ್ಕೆ ಸುಮಾರು 2 ಎಂದು ಹಳೆಯ ಪುಸ್ತಕಗಳಲ್ಲಿದೆ. ಈಚಿನ ಲೆಕ್ಕ ಅದಕ್ಕಿಂತ ಕಡಿಮೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಮಾತ್ರ 100ಕ್ಕೆ 6ರಿಂದ 30. ಈ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ನಾವು ಎಲ್ಲಕ್ಕಿಂತ ಕಡಿಮೆ ಯೋಚಿಸುವ ಸೋಂಕೇ ಎಲ್ಲಕ್ಕಿಂತ ಸುಲಭವಾಗಿ ತಗಲುತ್ತದೆ. ಸಮಾಧಾನದ ವಿಷಯ ಅಂದರೆ ಮೂರರಲ್ಲಿ ಲಸಿಕೆ ಇರುವುದೂ ಅದಕ್ಕೊಂದಕ್ಕೇ.

ಎಲ್ಲ ಚುಚ್ಚುವಿಕೆಯೂ ಒಂದೇ ಅಲ್ಲ. ಆಳವಾಗಿ ಇಳಿದರೆ, ಸೂಜಿಯ ಮೇಲೆ ಕಣ್ಣಿಗೆ ಕಾಣುವಷ್ಟು ರಕ್ತ ಇದ್ದರೆ, ಅದು ರಕ್ತನಾಳದೊಳಗೆ ಇದ್ದ ಸೂಜಿಯಾಗಿದ್ದರೆ ಅಪಾಯ ಜಾಸ್ತಿ. ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳು, ಅದರಲ್ಲಿ ರಕ್ತ ನಿಲ್ಲುತ್ತದೆ. ಹೊಲಿಗೆ ಹಾಕುವ ಸೂಜಿ ಗಟ್ಟಿ, ಅದರಲ್ಲಿ ಬರುವ ರಕ್ತ ಕಡಿಮೆ.

ಇನ್ನೊಂದು ಹಳೆಯ ಘಟನೆ. ನನಗೆ ಇದು ಪಾಠಕ್ಕಿಂತ ಹೆಚ್ಚು ಮನಸ್ಸಿಗೆ ತಾಗಿತು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಯಾಕೋಬ್ ಕೊಲೆಟ್ಶ್ಕಾ ಎಂಬ ವೈದ್ಯರು ಶವಪರೀಕ್ಷೆ ಮಾಡಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತು. ಸೋಂಕು ಏರಿ ಅವರು ತೀರಿಕೊಂಡರು. ಅವರ ಗೆಳೆಯ ಇಗ್ನಾಜ್ ಸೆಮ್ಮೆಲ್‌ವೈಸ್ ಹೆರಿಗೆ ವಾರ್ಡಿನ ವೈದ್ಯ. ಗೆಳೆಯನ ಶವಪರೀಕ್ಷೆಯ ವರದಿ ಓದಿದಾಗ ಅವರಿಗೆ ಹೊಳೆಯಿತು: ತನ್ನ ವಾರ್ಡಿನಲ್ಲಿ ಬಾಣಂತಿಯರು ಸಾಯುತ್ತಿರುವುದೂ ಹೀಗೆಯೇ. ಶವಪರೀಕ್ಷೆಯ ಕೋಣೆಯಿಂದ ವೈದ್ಯರ ಕೈಯಲ್ಲೇ ಸೋಂಕು ಬರುತ್ತಿದೆ. ಆ ಮೇ ತಿಂಗಳಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ನಾವು ದಿನಾ ಮಾಡುವ ಕೈತೊಳೆತದ ಹಿಂದೆ ಒಂದು ಬೆರಳಿನ ಗಾಯ ಇದೆ.

ಚುಚ್ಚಿದ ಕೂಡಲೇ

ಬೆರಳು ಬಾಯಿಗೆ ಬೇಡ. ಹಿಂಡಬೇಡಿ. ಹಿಂಡಿದರೆ ವೈರಸ್ ಹೊರಗೆ ಬರುವುದಿಲ್ಲ, ಸುತ್ತಲಿನ ಅಂಗಾಂಶಕ್ಕೆ ಪೆಟ್ಟಾಗುತ್ತದೆ. ಸ್ಪಿರಿಟ್, ಬೆಟಾಡಿನ್, ಬ್ಲೀಚ್ ಸುರಿಯಬೇಡಿ. ಹರಿಯುವ ನೀರಿನ ಕೆಳಗೆ ಕೈ ಹಿಡಿದು ಸೋಪು ಹಚ್ಚಿ ತೊಳೆಯಿರಿ, ಸಾಕು. ರಕ್ತ ಕಣ್ಣಿಗೆ ಸಿಡಿದರೆ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಬಾಗಿಸಿ, ನೀರು ಇಲ್ಲವೇ ಸಲೈನ್ ಹಾಕಿಸಿಕೊಂಡು ತೊಳೆಯಿರಿ. ಬಾಯಿಗೆ ಹೋದರೆ ಉಗುಳಿ, ನೀರಿನಿಂದ ಮತ್ತೆ ಮತ್ತೆ ಮುಕ್ಕಳಿಸಿ. ಕಣ್ಣಿಗೂ ಬಾಯಿಗೂ ಸೋಪು ಬೇಡ.

ಆಮೇಲೆ ಹೇಳಿ. ಡ್ಯೂಟಿ ಮುಗಿಯಲಿ, ಡಾಕ್ಟರ್ ಊಟ ಮಾಡಿ ಬರಲಿ ಎಂದು ಕಾಯಬೇಡಿ. ಎಚ್‌ಐವಿ ತಡೆಯುವ ಔಷಧಿ, ಅಂದರೆ ಪಿಇಪಿ, 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ಕಾರಣ ಹೀಗಿದೆ. ವೈರಸ್ ಒಳಗೆ ಹೋದ ಕೂಡಲೇ ಇಡೀ ದೇಹಕ್ಕೆ ಹರಡುವುದಿಲ್ಲ. ಚುಚ್ಚಿದ ಜಾಗದಿಂದ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿ ಅಲ್ಲಿ ಬೆಳೆಯಲು ಒಂದೆರಡು ದಿನ ಬೇಕು. ಅಷ್ಟರೊಳಗೆ ಔಷಧಿ ರಕ್ತದಲ್ಲಿರಬೇಕು. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಿಡೋವುಡಿನ್ ಎಂಬ ಒಂದೇ ಔಷಧಿಯಿಂದ ಸೋಂಕಿನ ಅಪಾಯ ಸುಮಾರು 81 ಶೇಕಡಾ ಕಡಿಮೆಯಾಗಿತ್ತು. ಈಗ ನಮ್ಮ ದೇಶದಲ್ಲಿ ಕೊಡುವುದು ಮೂರು ಔಷಧಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಒಟ್ಟು 28 ದಿನ, ಒಂದೂ ದಿನ ತಪ್ಪದೆ. ರೋಗಿಯ ರಿಪೋರ್ಟ್‌ಗಾಗಿ ಮೊದಲ ಡೋಸ್ ನಿಲ್ಲಿಸಬಾರದು. ರಿಪೋರ್ಟ್ ನೆಗೆಟಿವ್ ಬಂದರೆ ಡಾಕ್ಟರ್ ನಿಲ್ಲಿಸುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಈ ಗಂಟೆಗಳ ಲೆಕ್ಕಕ್ಕೆ ಇನ್ನೂ ಹೆಚ್ಚು ಬೆಲೆ ಇದೆ. ನಿಮ್ಮಲ್ಲಿ ಕೆಲವರು ಮುಂದೆ ಜೋಯಿಡಾದ ಕಾಡಿನ ನಡುವಿನ ಆರೋಗ್ಯ ಕೇಂದ್ರದಲ್ಲೋ, ಸಿದ್ದಾಪುರದ ಹಳ್ಳಿಯಲ್ಲೋ ಕೆಲಸ ಮಾಡುತ್ತೀರಿ. ಮಳೆಗಾಲದಲ್ಲಿ ಅಣಶಿ ಘಟ್ಟವೋ ದೇವಿಮನೆ ಘಟ್ಟವೋ ಕುಸಿದು ರಸ್ತೆ ಮುಚ್ಚಿದರೆ 2 ಗಂಟೆ ಅನ್ನುವುದು ದಾರಿಯಲ್ಲೇ ಮುಗಿದುಹೋಗುತ್ತದೆ. ಹೊಸ ಜಾಗಕ್ಕೆ ಹೋದ ಮೊದಲ ದಿನವೇ ಮೂರು ಪ್ರಶ್ನೆ ಕೇಳಿ: ಪಿಇಪಿ ಮಾತ್ರೆ ಇಲ್ಲೇ ಇದೆಯಾ? ಯಾವ ಕಪಾಟಿನಲ್ಲಿ? ರಾತ್ರಿ ಬೀಗದ ಕೈ ಯಾರ ಹತ್ತಿರ? ಕೇಳಲು ಸಂಕೋಚ ಬೇಡ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಇಂಥ ಅಪಾಯ ಇರುವ ಕಡೆ ಕೆಲಸ ಮಾಡುವವರಿಗೆ ರಕ್ಷಣೆಯ ಸಾಮಗ್ರಿ, ತರಬೇತಿ ಮತ್ತು ಪಿಇಪಿ ಕೊಡುವುದು ಸಂಸ್ಥೆಯ ಹೊಣೆ.

ನಿಮ್ಮ ರಕ್ತವನ್ನೂ ಆಗಲೇ ಪರೀಕ್ಷೆಗೆ ಕೊಡಿ. ಮೊದಲು ಸೋಂಕು ಇರಲಿಲ್ಲ ಎಂಬುದಕ್ಕೆ ಅದೇ ದಾಖಲೆ. ನಂತರ 6 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ ಮತ್ತೆ ಪರೀಕ್ಷೆ ಇರುತ್ತದೆ. ಆ ಅವಧಿಯಲ್ಲಿ ರಕ್ತದಾನ ಮಾಡಬಾರದು. ಗಂಡ ಹೆಂಡತಿ ಕಾಂಡೋಮ್ ಬಳಸಬೇಕು. ಹೆಪಟೈಟಿಸ್ ಸಿ ತಡೆಯಲು ಮೊದಲೇ ಕೊಡುವ ಔಷಧಿ ಇಲ್ಲ, ಆದರೆ ಬಂದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಆ ತಿಂಗಳುಗಳಲ್ಲಿ ನಿದ್ದೆ ಬರುವುದಿಲ್ಲ, ಮನೆಯವರಿಗೆ ಹೇಳಲೂ ಆಗುವುದಿಲ್ಲ. ಗೆಳತಿಗೆ ಹೀಗಾದರೆ ಅವಳ ಜೊತೆ ಪರೀಕ್ಷೆಗೆ ನೀವೂ ಹೋಗಿ.

ಹೆಪಟೈಟಿಸ್ ಬಿ ಲಸಿಕೆ

ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ನಮ್ಮಲ್ಲಿ ಹಲವರು ಎರಡು ಹಾಕಿಸಿಕೊಂಡು ಮೂರನೆಯದನ್ನು ಮರೆಯುತ್ತೇವೆ. ಹಾಗೆ ಆಗಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿಕೊಳ್ಳಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ ಪರೀಕ್ಷೆ, ಅಂದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ನೋಡುವ ಪರೀಕ್ಷೆ ಮಾಡಿಸಿ. 10 mIU/mL ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ಆ ಚೀಟಿ ಜೋಪಾನವಾಗಿಡಿ. ಮುಂದೆ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ಗಾಗಿ ಬೇರೇನೂ ಬೇಕಿಲ್ಲ. ಲಸಿಕೆಯೇ ಆಗದವರಿಗೆ, ರೋಗಿಗೆ ಆ ಸೋಂಕು ಇದ್ದರೆ, ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯ) ಇಂಜೆಕ್ಷನ್ ಬೇಕು. ಅದು 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. ಜೊತೆಗೆ ಲಸಿಕೆಯನ್ನೂ ಶುರು ಮಾಡಬೇಕು.

ಡಬ್ಬಿ ಮತ್ತು ಚೀಲ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಣ್ಣಗಳು ಪರೀಕ್ಷೆಗೆ ಬಂದೇ ಬರುತ್ತವೆ. ಸೂಜಿ, ಬ್ಲೇಡ್, ಸೂಜಿ ಅಂಟಿಕೊಂಡೇ ಇರುವ ಸಿರಿಂಜ್ ಬಿಳಿಯ ಗಟ್ಟಿ ಡಬ್ಬಿಗೆ. ಸೂಜಿ ಕತ್ತರಿಸಿದ ಸಿರಿಂಜ್, ಐವಿ ಸೆಟ್, ಕ್ಯಾಥೆಟರ್, ಗ್ಲೌಸ್ ಕೆಂಪಿಗೆ. ರಕ್ತದ ಹತ್ತಿ, ಬ್ಯಾಂಡೇಜ್ ಹಳದಿಗೆ. ಗಾಜಿನ ಆಂಪೂಲ್, ವಯಲ್ ನೀಲಿಗೆ. ಬಿಳಿ ಡಬ್ಬಿ ಮುಕ್ಕಾಲು ತುಂಬಿದಾಗಲೇ ಮುಚ್ಚಿ. ಒಳಗೆ ಒತ್ತಿ ತುರುಕಬೇಡಿ.

ಬಣ್ಣ ತಪ್ಪಿದರೆ ನಮಗೆ ಅರ್ಧ ಅಂಕ ಹೋಗುತ್ತದೆ. ನಾವು ಹಳದಿ ಚೀಲಕ್ಕೆ ಸುಮ್ನೆ ಹಾಕಿದ ಸೂಜಿ ಬೇರೆಯವರಿಗೆ ಚುಚ್ಚುತ್ತದೆ. ಅವರಿಗೆ ಅದು ಯಾವ ರೋಗಿಯ ಸೂಜಿ ಎಂಬುದೂ ಗೊತ್ತಾಗುವುದಿಲ್ಲ. ರೋಗಿಯೇ ಗೊತ್ತಿಲ್ಲದಿದ್ದರೆ ಯಾರ ರಕ್ತ ಪರೀಕ್ಷಿಸುವುದು?

ನಮ್ಮ ವಾರ್ಡಿನ ಆಯಾ ಒಬ್ಬರು ಚೀಲವನ್ನು ಯಾವಾಗಲೂ ಮೈಯಿಂದ ದೂರ ಚಾಚಿ ಹಿಡಿದು ನಡೆಯುತ್ತಿದ್ದರು. ಭಾರ ಇದ್ದರೂ ಹಾಗೆಯೇ. ಯಾಕಕ್ಕಾ ಹೀಗೆ ಹಿಡಿಯುತ್ತೀರಿ ಎಂದು ಕೇಳಿದೆ. ಸೀರೆ ಸ್ವಲ್ಪ ಎತ್ತಿ ಮೀನಖಂಡ ತೋರಿಸಿದರು. "ಎರಡು ಸಲ ಚುಚ್ಚಿದೆ ತಂಗಿ, ಯಾರಿಗೆ ಹೇಳೂದು?" ಎಂದರು. ಅವರಿಗೆ ಒಂದು ಡೋಸ್ ಲಸಿಕೆಯೂ ಆಗಿರಲಿಲ್ಲ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು ಅದೇ 2016ರ ನಿಯಮದಲ್ಲಿದೆ. ಅದನ್ನು ಸಿಸ್ಟರ್‌ಗೆ ತೋರಿಸಿದೆವು. ಅಕ್ಕನಿಗೆ ರಕ್ತ ಪರೀಕ್ಷೆಯಾಯಿತು, ಮರುವಾರ ಮೊದಲ ಡೋಸ್ ಆಯಿತು. ಎರಡನೇ ಡೋಸಿನ ತಾರೀಕನ್ನು ನನ್ನ ಮೊಬೈಲ್‌ನಲ್ಲೂ ಹಾಕಿಟ್ಟುಕೊಂಡೆ.